ಹಳೇ ಪಿನ್‌ಬಾಲ್ ಮೆಷಿನ್: ಸ್ಟಾರ್ಟ್ ಒತ್ತಿದ ಮೇಲೆ ಮೋಟರ್ ನಿಲ್ಲುತ್ತಲೇ ಇಲ್ಲ ಅಂದರೆ ಎಲ್ಲಿ ನೋಡಬೇಕು?

ಪಿನ್‌ಬಾಲ್ ಅಂದರೆ ಓರೆಯಾದ ಹಲಗೆಯ ಮೇಲೆ ಉಕ್ಕಿನ ಚೆಂಡನ್ನು ಹೊಡೆದು ಅಂಕ ಗಳಿಸುವ ಆಟ. ದೂರು ಸಾಮಾನ್ಯವಾಗಿ ಹೀಗಿರುತ್ತದೆ. ಮೆಷಿನ್ ಆನ್ ಆಗುತ್ತದೆ, ದೀಪಗಳು ಹತ್ತುತ್ತವೆ. ಸ್ಟಾರ್ಟ್ ಬಟನ್ ಒತ್ತಿದರೆ ಒಳಗೆ ಮೋಟರ್ ಗರಗರ ತಿರುಗುತ್ತದೆ, ಸ್ಕೋರ್ ತೋರಿಸುವ ಚಕ್ರಗಳು ಟಕ ಟಕ ಅಂತ ಸೊನ್ನೆಯ ಕಡೆಗೆ ಹೋಗುತ್ತವೆ. ಆಮೇಲೆ ಮೋಟರ್ ನಿಲ್ಲುವುದೇ ಇಲ್ಲ. ಆಟ ಶುರುವಾಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಎಲೆಕ್ಟ್ರೋ-ಮೆಕ್ಯಾನಿಕಲ್ ಮೆಷಿನ್‌ಗಳ ಬಗ್ಗೆ. ಷಿಕಾಗೋದಲ್ಲಿ ಗಾಟ್ಲೀಬ್, ವಿಲಿಯಮ್ಸ್, ಬ್ಯಾಲಿ ಕಂಪನಿಗಳು 1970ರ ದಶಕದ ಕೊನೆಯವರೆಗೂ ಮಾಡುತ್ತಿದ್ದಂಥವು. ಇವುಗಳಲ್ಲಿ ಚಿಪ್ ಇಲ್ಲ, ಪ್ರೋಗ್ರಾಂ ಇಲ್ಲ. ಸ್ಕೋರ್ ಎಷ್ಟು ಅನ್ನೋದು ಒಂದು ಚಕ್ರ ಎಲ್ಲಿ ನಿಂತಿದೆ ಅನ್ನೋದರಲ್ಲೇ ಇರುತ್ತದೆ. ಎಷ್ಟನೇ ಚೆಂಡು ಅನ್ನೋದು ಇನ್ನೊಂದು ಹಲ್ಲಿನ ಚಕ್ರದಲ್ಲಿ ಇರುತ್ತದೆ. ಎಣಿಸೋದು, ನೆನಪಿಟ್ಟುಕೊಳ್ಳೋದು, ಕೂಡೋದು, ಎಲ್ಲವೂ ಚಲಿಸುವ ಬಿಡಿಭಾಗಗಳ ಕೆಲಸ.

ಹಾಗಾಗಿ ನಾನು ಒತ್ತಿ ಹೇಳುವ ಮಾತು ಇದೊಂದೇ: ಮಲ್ಟಿಮೀಟರ್ ಆಮೇಲೆ, ಕೈ ಮೊದಲು. ಪ್ಲಗ್ ಕಿತ್ತು ಒಂದೊಂದೇ ಭಾಗವನ್ನು ಬೆರಳಿನಿಂದ ಆಡಿಸಿ ನೋಡಿ. ಸಲೀಸಾಗಿ ಹೋಗಬೇಕು, ಬಿಟ್ಟ ತಕ್ಷಣ ತನ್ನ ಸ್ಪ್ರಿಂಗ್ ಬಲದಿಂದಲೇ ವಾಪಸ್ ಬರಬೇಕು. ಬರದಿದ್ದರೆ ಅಲ್ಲೇ ದೋಷ. ನಲವತ್ತು ಐವತ್ತು ವರ್ಷ ಹಳೆಯ ಮೆಷಿನ್‌ಗಳಲ್ಲಿ ವೈರ್ ಹಾಳಾಗೋದು ಕಡಿಮೆ. ಒಣಗಿ ಅಂಟಾದ ಗ್ರೀಸು, ಸವೆದ ತುದಿ, ಸೋತ ಸ್ಪ್ರಿಂಗ್, ಸ್ಥಾನ ತಪ್ಪಿದ ಸ್ವಿಚ್ ಬ್ಲೇಡ್ (ಸ್ವಿಚ್ಚಿನ ತೆಳು ಲೋಹದ ಪಟ್ಟಿ), ಇವೇ ಜಾಸ್ತಿ.

ಕೈ ಹಾಕುವ ಮೊದಲು

ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ. ಆಫ್ ಇದ್ದಾಗಲೂ ಟ್ರಾನ್ಸ್‌ಫಾರ್ಮರ್ ಹತ್ತಿರ, ಫ್ಯೂಸ್ ಹತ್ತಿರ 120 ವೋಲ್ಟ್ ಇರಬಹುದು. ಹಳೆಯ ಮೆಷಿನ್‌ಗಳಲ್ಲಿ ಬಹಳಷ್ಟಕ್ಕೆ ಎರಡು ಪಿನ್ನಿನ ವೈರ್ ಮಾತ್ರ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಮೂರು ಪಿನ್ನಿನ ವೈರ್ ಹಾಕಿಸಿ, ಒಳಗಿನ ಲೋಹದ ಭಾಗಗಳಿಗೆ ಅರ್ಥ್ ಕೊಡಿಸಿ. ಬೇರೆ ಯಾವ ರಿಪೇರಿಗಿಂತಲೂ ಇದು ಮುಂಚೆ ಆಗಬೇಕು.

ಆಟದ ಹಲಗೆ ಎತ್ತುವ ಮೊದಲು ಚೆಂಡು ಹೊರಗೆ ತೆಗೆದಿಡಿ. ಮೇಲಿನ ಪೆಟ್ಟಿಗೆಯ ಚಿತ್ರದ ಗಾಜನ್ನು ಇಳಿಸುವಾಗ ಅದರ ಹಿಂಬದಿ ಮುಟ್ಟಬೇಡಿ, ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಬಣ್ಣ ಇರೋದು ಹಿಂಬದಿಯಲ್ಲಿ. ಅರ್ಧ ಶತಮಾನದ ಬಣ್ಣ ಒರೆಸಿದರೆ ಹಕ್ಕಳೆ ಎದ್ದು ಬರುತ್ತದೆ, ಮತ್ತೆ ಅಂಟಿಸೋಕಾಗಲ್ಲ.

ಭಾರತಕ್ಕೆ ತಂದಿಟ್ಟುಕೊಂಡವರಿಗೆ ಒಂದು ಮಾತು. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. ಅದಕ್ಕೇ ಸ್ಕೋರ್ ಮೋಟರ್ ಅಲ್ಲಿಗಿಂತ ಇಲ್ಲಿ ಸ್ವಲ್ಪ ನಿಧಾನ ತಿರುಗುತ್ತದೆ. ಅದು ದೋಷವಲ್ಲ.

ಮೋಟರ್ ಯಾಕೆ ನಿಲ್ಲುವುದಿಲ್ಲ

ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಮೋಟರ್, ಅದರ ಅಚ್ಚಿಗೆ ಅಂಚಿನಲ್ಲಿ ಉಬ್ಬು ತಗ್ಗು ಇರುವ ಕ್ಯಾಮ್ ಬಿಲ್ಲೆಗಳು, ಬಿಲ್ಲೆಗಳ ಸುತ್ತ ಸ್ವಿಚ್‌ಗಳ ಗೊಂಚಲು ಕಾಣುತ್ತದೆ. ಅದೇ ಸ್ಕೋರ್ ಮೋಟರ್. ಗಾಟ್ಲೀಬ್ ಮೆಷಿನ್‌ನಲ್ಲಿ ಒಂದು ಸರದಿ ಅಂದರೆ ಪೂರ್ತಿ ಸುತ್ತಿನ ಮೂರನೇ ಒಂದು ಭಾಗ. ಅಷ್ಟರಲ್ಲಿ ಅದು 5 ಸಲ ವಿದ್ಯುತ್ತಿನ ತಟ್ಟು ಕೊಡುತ್ತದೆ. ನೀವು 50 ಅಂಕ ಗಳಿಸಿದಾಗ ಹತ್ತರ ಚಕ್ರ ಐದು ಸಲ ಟಕಟಕ ಅನ್ನೋದು ಇದರಿಂದಲೇ.

ಸ್ಟಾರ್ಟ್ ಒತ್ತಿದಾಗ ರಿಸೆಟ್ ರಿಲೇ (ಕರೆಂಟ್ ಬಂದಾಗ ಒಂದು ತಗಡನ್ನು ಎಳೆದು ಸ್ವಿಚ್ಚುಗಳನ್ನು ತೆರೆಯುವ, ಮುಚ್ಚುವ ವಿದ್ಯುತ್ ಅಯಸ್ಕಾಂತ) ಎಳೆದುಕೊಳ್ಳುತ್ತದೆ, ಮೋಟರ್ ಓಡುತ್ತದೆ, ಪ್ರತಿ ತಟ್ಟಿಗೂ ಸೊನ್ನೆಯಲ್ಲಿಲ್ಲದ ಚಕ್ರಗಳು ಒಂದೊಂದು ಮನೆ ಮುಂದೆ ಹೋಗುತ್ತವೆ. ಪ್ರತಿ ಚಕ್ರಕ್ಕೂ ಒಂದು ಸೊನ್ನೆ ಸ್ವಿಚ್ ಇರುತ್ತದೆ. ಚಕ್ರ ಸೊನ್ನೆಗೆ ಬಂದಾಗ ಅದು ತೆರೆದುಕೊಂಡು ಆ ಚಕ್ರಕ್ಕೆ ತಟ್ಟು ಹೋಗುವುದನ್ನು ತಡೆಯುತ್ತದೆ. ಎಲ್ಲ ಚಕ್ರಗಳ ಸೊನ್ನೆ ಸ್ವಿಚ್‌ಗಳೂ ತೆರೆದ ಮೇಲೆ ಮಾತ್ರ ರಿಸೆಟ್ ಮುಗಿಯುತ್ತದೆ, ಮೋಟರ್ ನಿಲ್ಲುತ್ತದೆ. ಅಂದರೆ ನಿಲ್ಲದ ಮೋಟರ್ ಕೆಟ್ಟಿಲ್ಲ. ಯಾವುದೋ ಚಕ್ರ ಇನ್ನೂ ಸೊನ್ನೆಗೆ ಬಂದಿಲ್ಲ, ಅಥವಾ ಬಂದಿದ್ದರೂ ಅದರ ಸ್ವಿಚ್ ಸುದ್ದಿ ಮುಟ್ಟಿಸಿಲ್ಲ. ಮೋಟರ್ ಕಾಯುತ್ತಿದೆ, ಅಷ್ಟೇ.

ಈಗ ಸ್ಕೋರ್ ಗಾಜಿನ ಕಡೆ ನೋಡಿ. ನಾಲ್ಕು ರೀತಿ ಕಾಣಬಹುದು.

ಒಂದು ಚಕ್ರ 7ರಲ್ಲೋ 4ರಲ್ಲೋ ನಿಂತುಬಿಟ್ಟಿದೆ, ಮಿಕ್ಕವು ಸೊನ್ನೆ. ಆ ಚಕ್ರದ ಚಲನೆಯಲ್ಲಿ ತೊಂದರೆ.

ಒಂದು ಚಕ್ರ ಸೊನ್ನೆ ದಾಟಿ ಸುತ್ತುತ್ತಲೇ ಇದೆ. ಚಲನೆ ಚೆನ್ನಾಗಿದೆ, ಅದರ ಸೊನ್ನೆ ಸ್ವಿಚ್ ತೆರೆಯುತ್ತಿಲ್ಲ.

ಎಲ್ಲವೂ ಸೊನ್ನೆ, ಆದರೂ ಮೋಟರ್ ಓಡುತ್ತಿದೆ. ರಿಸೆಟ್ ರಿಲೇಯನ್ನು ಹಿಡಿದಿಟ್ಟುಕೊಂಡಿರೋದು ಏನು ಅಂತ ಹುಡುಕಬೇಕು. ಸೊನ್ನೆ ಸ್ವಿಚ್‌ಗಳಲ್ಲಿ ಒಂದಕ್ಕಿಂತ ಹೆಚ್ಚು ಜೋಡಿ ಬ್ಲೇಡ್ ಇರುತ್ತವೆ, ಒಂದು ಜೋಡಿ ತೆರೆದು ಇನ್ನೊಂದು ಅಂಟಿಕೊಂಡಿರಬಹುದು. ಕೆಲವು ಮೆಷಿನ್‌ಗಳಲ್ಲಿ ಚೆಂಡು ಎಣಿಸುವ ಸ್ಟೆಪ್ಪರ್ ಕೂಡ ಸೊನ್ನೆಗೆ ಬಂದಿರಬೇಕು, ಅದನ್ನೂ ನೋಡಿ.

ಕೊನೆಯದು, ಸ್ಟಾರ್ಟ್ ಒತ್ತದೇ ಇದ್ದರೂ ಆನ್ ಮಾಡಿದ ಕೂಡಲೇ ಮೋಟರ್ ಓಡುತ್ತದೆ. ಇದು ಬೇರೆಯೇ ಕೇಸು. ಮೋಟರ್ ಒಮ್ಮೆ ಹೊರಟರೆ ಸರದಿ ಮುಗಿಯೋವರೆಗೆ ಓಡಿಸಲು ಅದರ ಮೇಲೇ ಒಂದು ಸ್ವಿಚ್ ಇದೆ. ಅದು ಮುಚ್ಚಿಕೊಂಡೇ ಉಳಿದಿರಬಹುದು. ಇಲ್ಲವೇ ಯಾವುದೋ ರಿಲೇ ಎಳೆದುಕೊಂಡೇ ಇರಬಹುದು. ಪ್ಲಗ್ ಹಾಕಿದಾಗ ಕೈ ಹಾಕದೆ ದೂರದಿಂದಲೇ ನೋಡಿ, ಯಾವ ರಿಲೇಯ ತಗಡು ಒಳಗೆ ಎಳೆದುಕೊಂಡಿದೆ ಅಂತ. ಪ್ರತಿ ರಿಲೇಯ ಪಕ್ಕ ಹೆಸರಿನ ಚೀಟಿ ಇರುತ್ತದೆ. ಆ ಹೆಸರನ್ನು ಸರ್ಕ್ಯೂಟ್ ನಕ್ಷೆಯಲ್ಲಿ ಹುಡುಕಿದರೆ ದಾರಿ ಸಿಗುತ್ತದೆ.

ನಿಂತುಬಿಟ್ಟ ಸ್ಕೋರ್ ಚಕ್ರ

ಪ್ಲಗ್ ಕಿತ್ತಿದೆ ಅಲ್ವಾ? ಈಗ ಆ ಚಕ್ರದ ಕಾಯಿಲ್‌ನ ಪ್ಲಂಜರ್ ಅನ್ನು (ತಂತಿ ಸುತ್ತಿದ ಕಾಯಿಲ್ ಕರೆಂಟ್ ಬಂದಾಗ ಒಳಗೆ ಎಳೆದುಕೊಳ್ಳುವ ಕಬ್ಬಿಣದ ಸರಳು) ಬೆರಳಿನಿಂದ ಪೂರ್ತಿ ಒಳಗೆ ಒತ್ತಿ, ಮೆಲ್ಲಗೆ ಬಿಡಿ. ಹೆಚ್ಚಿನ ಚಕ್ರಗಳಲ್ಲಿ ಕಾಯಿಲ್ ಎಳೆದಾಗ ಕೊಕ್ಕೆ ಹಿಂದಕ್ಕೆ ಸರಿದು ಮುಂದಿನ ಹಲ್ಲನ್ನು ಹಿಡಿಯುತ್ತದೆ. ಬಿಟ್ಟಾಗ ವಾಪಸ್ ಬರುವ ಸ್ಪ್ರಿಂಗೇ ಚಕ್ರವನ್ನು ತಿರುಗಿಸುತ್ತದೆ. ಇದನ್ನು ಗಮನದಲ್ಲಿಡಿ. ಕಾಯಿಲ್ ಎಷ್ಟು ಜೋರಾಗಿ ಬಡಿದರೂ, ಸ್ಪ್ರಿಂಗ್ ಸೋತಿದ್ದರೆ ಅಥವಾ ಅಚ್ಚು ಅಂಟಿದ್ದರೆ ಚಕ್ರ ಕದಲುವುದಿಲ್ಲ. ಟಕ್ ಅನ್ನೋ ಸದ್ದು ಬರುತ್ತಿದೆ, ಅಂಕಿ ಬದಲಾಗುತ್ತಿಲ್ಲ ಅಂದರೆ ಕಾಯಿಲ್ ಬದಲಿಸಿ ಪ್ರಯೋಜನವಿಲ್ಲ.

ಹತ್ತೂ ಮನೆ ಹೀಗೆ ಕೈಯಿಂದ ನಡೆಸಿ. ಎಲ್ಲಾದರೂ ಬೆರಳಿಗೆ ಬಿಗಿ ಅನಿಸಿದರೆ ಚಕ್ರವನ್ನು ಬಿಚ್ಚಬೇಕು. ಬಿಚ್ಚುವ ಮುಂಚೆ ಎಲ್ಲ ಕೋನದಿಂದ ಫೋಟೋ ತೆಗೆದುಕೊಳ್ಳಿ. ಅಚ್ಚು, ಅಚ್ಚಿನ ರಂಧ್ರ, ಪ್ಲಂಜರ್, ಸ್ಲೀವ್ (ಪ್ಲಂಜರ್ ಜಾರುವ ಕೊಳವೆ) ಒಳಭಾಗ, ಕೊಕ್ಕೆಯ ತಿರುಗಾಣಿ, ಎಲ್ಲವನ್ನೂ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಕಿವಿಗೆ ಹಾಕುವ ಹತ್ತಿ ಕಡ್ಡಿ ರಂಧ್ರದೊಳಗೆ ಹೋಗುತ್ತದೆ. ಹತ್ತಿ ಕಂದು ಬಣ್ಣಕ್ಕೆ ತಿರುಗುವುದು ನಿಂತಾಗ ಸ್ವಚ್ಛವಾಯಿತು ಅಂತ ಲೆಕ್ಕ. ಅಂಕಿಯ ಬಣ್ಣಕ್ಕೆ ಮಾತ್ರ ಆಲ್ಕೋಹಾಲ್ ತಾಗಬಾರದು, ಅಳಿಸಿಹೋಗುತ್ತದೆ.

ವಾಪಸ್ ಜೋಡಿಸುವಾಗ ಪ್ಲಂಜರ್‌ಗೆ, ಸ್ಲೀವ್‌ಗೆ ಎಣ್ಣೆ ಹಾಕಬೇಡಿ. ಒಂದು ಹನಿಯೂ ಬೇಡ. ಅವು ಒಣಗಿರುವಂತೆಯೇ ಕೆಲಸ ಮಾಡಲು ಮಾಡಿದವು. ವರ್ಷಗಟ್ಟಲೆ ಮುಟ್ಟದ ಹೊಲಿಗೆ ಮೆಷಿನ್‌ನಲ್ಲಿ ಎಣ್ಣೆ ಅಂಟಾಗಿ ಚಕ್ರ ಕಚ್ಚಿಕೊಳ್ಳುತ್ತಲ್ಲ, ಇಲ್ಲಿ ಆಗಿರುವುದೂ ಅದೇ. ಯಾರೋ ಹಿಂದೆ ಒಳ್ಳೆಯದಾಗಲಿ ಅಂತ ಹಾಕಿದ ಎಣ್ಣೆಯೇ ಈಗ ನೀವು ಕೆರೆಯುತ್ತಿರುವ ಕಂದು ಅಂಟು. ಬಟ್ಟೆಗೆ ಸುಲಭವಾಗಿ ಬರದ ಆ ಅಂಟಿನಲ್ಲಿ ಕಾಯಿಲ್‌ನ ಬಿಸಿಗೆ ಸುಟ್ಟ ಧೂಳು, ಸವೆದ ಲೋಹದ ಪುಡಿ ಎಲ್ಲ ಸೇರಿರುತ್ತದೆ. ಗ್ರೀಸ್ ಬೇಕಾಗೋದು ಲೋಹಕ್ಕೆ ಲೋಹ ಜಾರುವ ಕೆಲವೇ ಜಾಗಕ್ಕೆ, ಸ್ಕೋರ್ ಮೋಟರ್‌ನ ಗೇರ್‌ಗೆ. ಅಲ್ಲೂ ತೆಳುವಾಗಿ.

ಸೊನ್ನೆ ಸ್ವಿಚ್ ಹೊಂದಿಸುವುದು

ಚಕ್ರವನ್ನು ಕೈಯಿಂದ ಸೊನ್ನೆಗೆ ತನ್ನಿ, ಟಾರ್ಚ್ ಹಿಡಿದು ಬ್ಲೇಡ್‌ಗಳನ್ನು ಪಕ್ಕದಿಂದ ನೋಡಿ. ಸೊನ್ನೆಯಲ್ಲಿ ಪಾಯಿಂಟ್‌ಗಳ (ಬ್ಲೇಡ್ ತುದಿಯಲ್ಲಿ ಒಂದಕ್ಕೊಂದು ತಾಗುವ ಪುಟ್ಟ ಗುಂಡಿಗಳು) ನಡುವೆ ಬೆಳಕು ಸ್ಪಷ್ಟವಾಗಿ ಕಾಣಬೇಕು. ಮಿಕ್ಕ ಒಂಬತ್ತು ಮನೆಯಲ್ಲೂ ಪಾಯಿಂಟ್‌ಗಳು ಗಟ್ಟಿಯಾಗಿ ಕೂಡಬೇಕು. ಸುಮ್ನೆ ತಾಗಿದರೆ ಸಾಲದು. ಒಂದು ಬ್ಲೇಡ್ ಇನ್ನೊಂದನ್ನು ಸ್ವಲ್ಪ ತಳ್ಳಿ, ಎರಡೂ ಒಂಚೂರು ಬಾಗಬೇಕು. ಹಾಗೆ ತಳ್ಳುವಾಗ ಪಾಯಿಂಟ್‌ಗಳು ಒಂದರ ಮೇಲೊಂದು ಉಜ್ಜಿ ತಾವೇ ಸ್ವಚ್ಛವಾಗುತ್ತಿರುತ್ತವೆ.

ಬ್ಲೇಡ್ ಬಗ್ಗಿಸುವ ಮೊದಲು ಗೊಂಚಲು ಹಿಡಿದಿರುವ ಎರಡು ಸ್ಕ್ರೂ ಬಿಗಿ ಮಾಡಿ. ಅರ್ಧದಷ್ಟು ಸಲ ಅಲ್ಲಿಗೇ ಸರಿಹೋಗುತ್ತದೆ. ಯಾಕೆಂದರೆ ಪದರಗಳ ನಡುವಿನ ಅವಾಹಕ ತುಂಡುಗಳು ವರ್ಷಗಳಲ್ಲಿ ಒಣಗಿ ಕುಗ್ಗಿರುತ್ತವೆ, ಗೊಂಚಲು ಸಡಿಲವಾಗಿರುತ್ತದೆ. ಆಮೇಲೂ ಬೇಕಾದರೆ ಬ್ಲೇಡ್ ಬಗ್ಗಿಸುವ ಸಾಧನದಿಂದ ಬುಡದ ಹತ್ತಿರ ಹಿಡಿದು ಕೂದಲೆಳೆಯಷ್ಟು ಬಗ್ಗಿಸಿ. ತುದಿ ಹಿಡಿದು ಬಗ್ಗಿಸಿದರೆ ಬ್ಲೇಡ್ ಕೊಂಕುತ್ತದೆ, ಪಾಯಿಂಟ್ ಓರೆಯಾಗಿ ಕೂರುತ್ತದೆ.

ಈ ಸಣ್ಣ ಪಾಯಿಂಟ್‌ಗಳಿಗೆ ಬೆಳ್ಳಿಯ ತಲೆ ಇರುತ್ತದೆ. ಗಟ್ಟಿ ಅರ ಹಾಕಿ ಉಜ್ಜಬಾರದು. ದಪ್ಪ ಕಾಗದದ ತುಂಡನ್ನು ಆಲ್ಕೋಹಾಲ್‌ನಲ್ಲಿ ಅದ್ದಿ, ಪಾಯಿಂಟ್‌ಗಳ ನಡುವೆ ಇಟ್ಟು, ಬ್ಲೇಡ್ ಒತ್ತಿ ಹಿಡಿದು ಎಳೆಯಿರಿ. ಕಾಗದದ ಮೇಲೆ ಕಪ್ಪು ಗೆರೆ ಬೀಳುತ್ತದೆ. ಗೆರೆ ಮಾಯವಾಗೋವರೆಗೆ ಮಾಡಿದರೆ ಸಾಕು.

ಸ್ಟೆಪ್ಪರ್ ಕಚ್ಚಿಕೊಂಡಿದ್ದರೆ

ಚೆಂಡಿನ ಎಣಿಕೆ, ಬೋನಸ್, ಕ್ರೆಡಿಟ್ ಇವೆಲ್ಲ ಸ್ಟೆಪ್ಪರ್ ಅನ್ನೋ ಘಟಕದಲ್ಲಿರುತ್ತವೆ. ಒಂದು ಹಲ್ಲಿನ ಚಕ್ರ, ಮುಂದೆ ತಳ್ಳಲು ಒಂದು ಕಾಯಿಲ್, ಹಿಂದೆ ಬಿಡಲು ಇನ್ನೊಂದು. ಮುಂಭಾಗದಲ್ಲಿ ಬೇಕಲೈಟ್ ಬಿಲ್ಲೆ, ಅದರ ಮೇಲೆ ತಾಮ್ರದ ಬಣ್ಣದ ರಿವೆಟ್‌ಗಳು, ರಿವೆಟ್‌ಗಳ ಮೇಲೆ ಜಾರುವ ವೈಪರ್ ಬೆರಳುಗಳು. ಒಳಗೆ ಸುರುಳಿ ಸ್ಪ್ರಿಂಗ್. ಮುಂದೆ ಹೋದಂತೆ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ, ರಿಸೆಟ್ ಕೊಕ್ಕೆ ಬಿಟ್ಟಾಗ ಚಕ್ರವನ್ನು ಝರ್ ಅಂತ ಸೊನ್ನೆಗೆ ಎಳೆದು ತರುತ್ತದೆ.

ಪರೀಕ್ಷೆ ಸುಲಭ. ಮುಂದೆ ತಳ್ಳುವ ಪ್ಲಂಜರ್ ಒತ್ತುತ್ತಾ ಕೊನೆಯ ಮನೆವರೆಗೆ ಹೋಗಿ. ರಿಸೆಟ್ ಪ್ಲಂಜರ್ ಒತ್ತಿ. ಒಂದೇ ಓಟಕ್ಕೆ ಸೊನ್ನೆಗೆ ಬರಬೇಕು. ಇನ್ನೊಮ್ಮೆ, ಈ ಸಲ ಒಂದೇ ಒಂದು ಮನೆ ಮುಂದೆ ಹೋಗಿ ಬಿಡಿ. ಇದೇ ಕಠಿಣ ಪರೀಕ್ಷೆ. ಆಗ ಸ್ಪ್ರಿಂಗ್‌ನ ಬಿಗಿ ಅತಿ ಕಡಿಮೆ ಇರುತ್ತದೆ. ಕೊನೆಯ ಮನೆಯಿಂದ ಚೆನ್ನಾಗಿ ಬಂದು, ಒಂದನೇ ಮನೆಯಿಂದ ಬರದೆ ನಿಂತರೆ ಒಳಗೆ ಅಂಟು ಇದೆ ಅಂತಲೇ ಅರ್ಥ.

ಇಲ್ಲಿ ಬಹಳ ಮಂದಿ ಸುರುಳಿ ಸ್ಪ್ರಿಂಗನ್ನು ಇನ್ನೊಂದು ಸುತ್ತು ಬಿಗಿ ಮಾಡಿಬಿಡುತ್ತಾರೆ. ಆ ಕ್ಷಣಕ್ಕೆ ಸರಿಹೋಯಿತು ಅನಿಸುತ್ತದೆ. ಆದರೆ ಈಗ ಮುಂದೆ ತಳ್ಳುವ ಕಾಯಿಲ್ ಅಂಟಿನ ಜೊತೆಗೆ ಹೆಚ್ಚಿನ ಬಿಗಿಯನ್ನೂ ಎಳೆಯಬೇಕು. ಸ್ವಲ್ಪ ದಿನಕ್ಕೆ ಅದು ಮನೆ ತಪ್ಪಿಸಲು ಶುರು ಮಾಡುತ್ತದೆ. ಆಗ ಕಾಯಿಲ್ ವೀಕ್ ಆಗಿದೆ ಅಂತ ಹೊಸ ಕಾಯಿಲ್ ತರಿಸುತ್ತಾರೆ. ದುಡ್ಡು ದಂಡ, ಮೂಲ ದೋಷ ಹಾಗೇ ಉಳಿಯಿತು. ಮೊದಲು ಸ್ವಚ್ಛ ಮಾಡಿ, ಆಮೇಲೆ ಸ್ಪ್ರಿಂಗ್. ಒಂದನೇ ಮನೆಯಿಂದ ವಾಪಸ್ ಬರಲು ಬೇಕಾದಷ್ಟು ಮಾತ್ರ ಬಿಗಿ ಇರಲಿ, ಅದಕ್ಕಿಂತ ಜಾಸ್ತಿ ಬೇಡ.

ಬಿಚ್ಚುವಾಗ ವೈಪರ್ ಯಾವ ರಿವೆಟ್ ಮೇಲೆ ನಿಂತಿತ್ತು ಅನ್ನೋದನ್ನು ಗುರುತು ಮಾಡಿ. ಸುರುಳಿ ಸ್ಪ್ರಿಂಗ್‌ನ ತುದಿ ಬಿಡಿಸುವಾಗ ಕೈಬಿಟ್ಟುಬಿಡಬೇಡಿ, ನಿಧಾನವಾಗಿ ಬಿಡುತ್ತಾ ಎಷ್ಟು ಸುತ್ತು ಬಿಚ್ಚಿಕೊಂಡಿತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಅಚ್ಚು ಮತ್ತು ಅದು ತಿರುಗುವ ಬುಷ್ (ಪುಟ್ಟ ಕೊಳವೆ) ಪೂರ್ತಿ ಸ್ವಚ್ಛವಾಗಬೇಕು. ಅಂಟು ಗಟ್ಟಿಯಾಗಿದ್ದರೆ ಸಿಗರೇಟ್ ಲೈಟರ್‌ಗೆ ಹಾಕುವ ನ್ಯಾಫ್ತಾ ಕರಗಿಸುತ್ತದೆ. ಬೇಗ ಬೆಂಕಿ ಹತ್ತುವ ವಸ್ತು ಅದು. ಗಾಳಿ ಆಡುವ ಕಡೆ ಕೂತು ಮಾಡಿ, ಪೂರ್ತಿ ಆರುವ ತನಕ ಮೆಷಿನ್‌ಗೆ ಕರೆಂಟ್ ಕೊಡಬೇಡಿ.

ರಿವೆಟ್ ತಲೆಗಳನ್ನು ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್‌ನಿಂದ ಹೊಳೆಯುವಂತೆ ಉಜ್ಜಿ. ಸ್ಟೀಲ್ ವುಲ್ ಮಾತ್ರ ಮೆಷಿನ್ ಹತ್ತಿರಕ್ಕೂ ತರಬೇಡಿ. ಅದರ ಎಳೆಗಳು ಉದುರಿ ರಿವೆಟ್‌ಗಳ ನಡುವೆ ಸಿಕ್ಕಿಕೊಂಡರೆ ಶಾರ್ಟ್ ಆಗುತ್ತದೆ, ಕಾಯಿಲ್‌ಗಳ ಅಯಸ್ಕಾಂತಕ್ಕೂ ಅಂಟಿಕೊಳ್ಳುತ್ತವೆ. ಜೋಡಿಸಿದ ಮೇಲೆ ಪ್ರತಿ ಮನೆಯಲ್ಲೂ ವೈಪರ್ ಬೆರಳು ರಿವೆಟ್‌ನ ನಡುಮಧ್ಯೆ ನಿಲ್ಲುತ್ತದೆಯೇ ನೋಡಿ. ಅಂಚಿನಲ್ಲಿ ನಿಂತರೆ ಒಂದೊಮ್ಮೆ ಕೆಲಸ ಮಾಡುತ್ತದೆ, ಒಂದೊಮ್ಮೆ ಇಲ್ಲ. ಹುಡುಕಲು ಅತಿ ಕಷ್ಟವಾದ ದೋಷ ಅದು.

ಫ್ಲಿಪ್ಪರ್ ವೀಕ್ ಆಗಿದ್ದರೆ

1947ರಲ್ಲಿ ಗಾಟ್ಲೀಬ್ ಕಂಪನಿಯ ಹಂಪ್ಟಿ ಡಂಪ್ಟಿ ಮೆಷಿನ್‌ನಲ್ಲಿ ವಿದ್ಯುತ್ ಫ್ಲಿಪ್ಪರ್ (ಬಟನ್ ಒತ್ತಿದರೆ ಚೆಂಡನ್ನು ಹೊಡೆಯುವ ಪುಟ್ಟ ತೋಳು) ಬಂತು. ಅದರಲ್ಲಿ ಆರು ಫ್ಲಿಪ್ಪರ್ ಇದ್ದವು. ಅಲ್ಲಿಂದ ಪಿನ್‌ಬಾಲ್ ಬರೀ ಅದೃಷ್ಟದ ಆಟವಾಗಿ ಉಳಿಯಲಿಲ್ಲ, ಕೈಚಳಕದ ಆಟವಾಯಿತು. ಮೆಷಿನ್‌ನಲ್ಲಿ ಅತಿ ಹೆಚ್ಚು ಏಟು ತಿನ್ನುವ ಭಾಗವೂ ಅದೇ.

ಎರಡೂ ಫ್ಲಿಪ್ಪರ್ ಒಂದೇ ರೀತಿ ವೀಕ್ ಇದ್ದರೆ ವೋಲ್ಟೇಜ್ ಕಡೆ ನೋಡಿ. ಗಾಟ್ಲೀಬ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಹೈ ಟ್ಯಾಪ್ ಅಂತ, ಅಂದರೆ ಸ್ವಲ್ಪ ಹೆಚ್ಚು ವೋಲ್ಟೇಜ್ ಕೊಡುವ ತುದಿ, ಒಂದು ಇರುತ್ತದೆ. ಒಂದೇ ವೀಕ್ ಇದ್ದರೆ ದೋಷ ಆ ಫ್ಲಿಪ್ಪರ್‌ನಲ್ಲೇ.

ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಸುತ್ತುಗಳಿವೆ. ದಪ್ಪ ತಂತಿಯದು ಏಟು ಕೊಡಲು, ಸಣ್ಣ ತಂತಿಯದು ಎತ್ತಿ ಹಿಡಿಯಲು. ಶುರುವಿನಲ್ಲಿ ಎಂಡ್-ಆಫ್-ಸ್ಟ್ರೋಕ್ ಸ್ವಿಚ್ ಮುಚ್ಚಿದ್ದು ಸಣ್ಣ ಸುತ್ತನ್ನು ಬದಿಗೆ ಸರಿಸುತ್ತದೆ, ಪೂರ್ತಿ ಕರೆಂಟ್ ದಪ್ಪ ಸುತ್ತಿಗೆ. ಫ್ಲಿಪ್ಪರ್ ಮೇಲೆ ತಲುಪಿದಾಗ ಸ್ವಿಚ್ ತೆರೆಯುತ್ತದೆ, ಕರೆಂಟ್ ಎರಡೂ ಸುತ್ತಿನ ಮೂಲಕ ಹರಿದು ಕಡಿಮೆಯಾಗುತ್ತದೆ. ಇಷ್ಟು ತಿಳಿದರೆ ಲಕ್ಷಣಗಳು ತಾವೇ ಮಾತಾಡುತ್ತವೆ. ಸ್ವಿಚ್ ಪಾಯಿಂಟ್ ಕೊಳೆಯಾಗಿದ್ದರೆ ಏಟಿಗೇ ಬಲವಿಲ್ಲ. ಸ್ವಿಚ್ ತೆರೆಯದೇ ಇದ್ದರೆ ಬಟನ್ ಹಿಡಿದಷ್ಟು ಹೊತ್ತೂ ಪೂರ್ತಿ ಕರೆಂಟ್ ಹರಿದು ಕಾಯಿಲ್ ಬಿಸಿಯಾಗುತ್ತದೆ, ಸುತ್ತಿದ ಕಾಗದ ಕಂದಾಗುತ್ತದೆ, ಸ್ಲೀವ್ ಕರಗಿ ಪ್ಲಂಜರ್ ಕಚ್ಚಿಕೊಳ್ಳುತ್ತದೆ. ಬಟನ್ ಹಿಡಿದಿದ್ದರೂ ಫ್ಲಿಪ್ಪರ್ ಮೇಲೆ ನಿಲ್ಲದೆ ಪಟಪಟ ಕುಣಿದರೆ ಸಣ್ಣ ಸುತ್ತಿನ ತಂತಿ ತುಂಡಾಗಿರಬಹುದು, ಬೆಸುಗೆ ಬಿಟ್ಟಿರಬಹುದು.

ಪ್ಲಗ್ ಕಿತ್ತು ಪ್ಲಂಜರ್ ಪೂರ್ತಿ ಒಳಗೆ ತಳ್ಳಿ ನೋಡಿ. ಆ ಕೊನೆಯ ಹಂತದಲ್ಲಿ ಸ್ವಿಚ್ 1.5ರಿಂದ 3 ಮಿಲಿಮೀಟರ್ ತೆರೆದಿರಬೇಕು. ಅದಕ್ಕಿಂತ ಬಹಳ ಮುಂಚೆ ತೆರೆದರೆ ಏಟು ಅರ್ಧದಲ್ಲೇ ಸೋಲುತ್ತದೆ. ಇಲ್ಲಿನ ಪಾಯಿಂಟ್‌ಗಳು ಟಂಗ್‌ಸ್ಟನ್, ತುಂಬಾ ಗಟ್ಟಿ. ಇವಕ್ಕೆ ಮಾತ್ರ ಸಣ್ಣ ಅರ ಬೇಕೇ ಬೇಕು, ಕಾಗದದಿಂದ ಆಗುವುದಿಲ್ಲ.

ಸ್ವಿಚ್ ಸರಿಯಿದ್ದೂ ವೀಕ್ ಅಂದರೆ ಪ್ಲಂಜರ್ ಹೊರತೆಗೆಯಿರಿ. ಕಾಯಿಲ್ ಕೊನೆಯಲ್ಲಿರುವ ತಡೆಗೆ, ಅಂದರೆ ಸ್ಟಾಪ್‌ಗೆ, ಲಕ್ಷಾಂತರ ಸಲ ಬಡಿದು ಪ್ಲಂಜರ್ ತುದಿ ಅಣಬೆಯ ಹಾಗೆ ಅರಳಿರುತ್ತದೆ. ಅರಳಿದ ಅಂಚು ಸ್ಲೀವ್ ಒಳಗೆ ಉಜ್ಜುತ್ತದೆ. ಅರದಿಂದ ಅಂಚು ತಗ್ಗಿಸಬಹುದು, ಆದರೆ ಸ್ಟಾಪ್ ಕೂಡ ಗುಳಿ ಬಿದ್ದಿದ್ದರೆ ಪ್ಲಂಜರ್, ಸ್ಲೀವ್, ಸ್ಟಾಪ್ ಮೂರನ್ನೂ ಒಟ್ಟಿಗೇ ಬದಲಿಸಿ. ಆಮೇಲೆ ಮೇಲಿನಿಂದ ಫ್ಲಿಪ್ಪರ್ ತುದಿ ಹಿಡಿದು ಎತ್ತಿ ಇಳಿಸಿ ನೋಡಿ. ಒಂಚೂರು ಆಟ ಇರಬೇಕು. ಆಟವೇ ಇಲ್ಲದಿದ್ದರೆ ಅದು ಬುಷ್ ಮೇಲೆ ಉಜ್ಜುತ್ತಿದೆ ಅಂತ. ಅಡ್ಡಡ್ಡ ಜಾಸ್ತಿ ಅಲ್ಲಾಡಿದರೆ ಬುಷ್ ಅಥವಾ ಕೊಂಡಿಯ ರಂಧ್ರ ಸವೆದಿದೆ.

ಎಲ್ಲ ಸರಿಯಿರುವ ಫ್ಲಿಪ್ಪರ್ ಹೇಗೆ ಹೊಡೆಯುತ್ತದೆ ಅಂತ ಒಮ್ಮೆ ಕೈಗೆ ಗೊತ್ತಾದರೆ ಈ ಕೆಲಸ ಅರ್ಧ ಸುಲಭ. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಕನ್ನಡಿಗರು ಬಹಳ ಜನ ಇದ್ದೀರಿ. ಅಲಮೀಡಾದಲ್ಲಿರುವ ಪೆಸಿಫಿಕ್ ಪಿನ್‌ಬಾಲ್ ಮ್ಯೂಸಿಯಂನಲ್ಲಿ ಹಳೆಯ ಮೆಷಿನ್‌ಗಳನ್ನು ಆಡಲು ಬಿಡುತ್ತಾರೆ. ಹೋಗಿ ಆಡಿ, ಸದ್ದು ಕೇಳಿ.

ಪಾಪ್ ಬಂಪರ್

ಚೆಂಡು ತಾಗಿದರೆ ಒದ್ದು ಕಳಿಸುವ ಟೋಪಿಯಂಥ ಬಂಪರ್ ಒಂದು ಕಡೆಯಿಂದ ತಾಗಿದರೆ ಒದೆಯುತ್ತದೆ, ಇನ್ನೊಂದು ಕಡೆಯಿಂದ ಸುಮ್ಮನಿರುತ್ತದೆ. ಇದು ದಿನಾ ಕೇಳುವ ದೂರು. ಬಂಪರ್ ಸುತ್ತ ಇರುವ ಪ್ಲಾಸ್ಟಿಕ್ ಬಿಲ್ಲೆಯಿಂದ ಒಂದು ಕಡ್ಡಿ ಹಲಗೆಯ ಕೆಳಗೆ ಇಳಿದು ಚಮಚದ ಆಕಾರದ ಸ್ವಿಚ್ ಬ್ಲೇಡ್‌ನ ಗುಳಿಯಲ್ಲಿ ಕೂತಿರುತ್ತದೆ. ಚೆಂಡು ಬಿಲ್ಲೆಯ ಯಾವ ಅಂಚು ಒತ್ತಿದರೂ ಕಡ್ಡಿ ಓರೆಯಾಗಿ ಚಮಚವನ್ನು ಕೆಳಗೆ ತಳ್ಳಬೇಕು, ಸ್ವಿಚ್ ಮುಚ್ಚಬೇಕು. ಕಡ್ಡಿ ಗುಳಿಯ ನಡುವೆ ಇಲ್ಲದಿದ್ದರೆ ಒಂದು ಕಡೆ ಮಾತ್ರ ಕೆಲಸ ಮಾಡುತ್ತದೆ. ಸ್ವಿಚ್ ಹಿಡಿದಿರುವ ಪಟ್ಟಿಯ ಸ್ಕ್ರೂ ಸಡಿಲಿಸಿ, ಗುಳಿಯ ನಡುವೆ ಕಡ್ಡಿ ಬರುವಂತೆ ಸರಿಸಿ, ಬಿಗಿ ಮಾಡಿ. ಬಿಲ್ಲೆಯನ್ನು ಬೆರಳಿನಿಂದ ಸುತ್ತಲೂ ಒತ್ತುತ್ತಾ ಹೋಗಿ, ಸ್ವಿಚ್ ಎಲ್ಲ ಕಡೆಯೂ ಒಂದೇ ಒತ್ತಡಕ್ಕೆ ಮುಚ್ಚಬೇಕು. ಕಡ್ಡಿ ಕೊರೆದು ಚಮಚದಲ್ಲಿ ಆಳವಾದ ಗುಂಡಿಯೋ ತೂತೋ ಆಗಿದ್ದರೆ ಚಮಚ ಬದಲಿಸಬೇಕು.

ಬಂಪರ್ ಕೆಳಗೆ ಎಳೆದುಕೊಂಡು ಮೇಲೆ ಬರದೇ ಇದ್ದರೆ ಕೂಡಲೇ ಪ್ಲಗ್ ಕೀಳಿ. ಆ ಕಾಯಿಲ್ ಕ್ಷಣ ಮಾತ್ರದ ಏಟಿಗೆ ಮಾಡಿದ್ದು, ಸುಟ್ಟುಹೋಗಲು ಹೆಚ್ಚು ಹೊತ್ತು ಬೇಡ. ಪ್ಲಗ್ ಕಿತ್ತ ಮೇಲೆ ಬಂಪರ್ ತಾನಾಗಿ ಮೇಲೆದ್ದರೆ ಸ್ವಿಚ್ ಅಂಟಿಕೊಂಡಿತ್ತು ಅಂತ. ಆಗಲೂ ಏಳದಿದ್ದರೆ ತೊಂದರೆ ಚಲನೆಯಲ್ಲಿದೆ. ಉಂಗುರವನ್ನು ಎಳೆಯುವ ಎರಡು ಸರಳುಗಳು ಕೆಳಗೆ ಒಂದು ಲೋಹದ, ಒಂದು ಫೈಬರ್ ಪಟ್ಟಿಗೆ ಬಿಗಿದಿರುತ್ತವೆ. ಫೈಬರ್ ಪಟ್ಟಿ ರಂಧ್ರದ ಹತ್ತಿರ ಸೀಳುತ್ತದೆ. ಸೀಳಿದ ಕೂಡಲೇ ಉಂಗುರ ಓರೆಯಾಗಿ ಕಚ್ಚಿಕೊಳ್ಳುತ್ತದೆ. ಪಟ್ಟಿ ಬದಲಿಸುವಾಗ ಎರಡೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ, ಅದೊಂದು ಸಲ ಇದೊಂದು ಸಲ ಬಿಗಿ ಮಾಡಿ. ಬಿಗಿ ಮಾಡಿದ ಮೇಲೆ ಪ್ಲಂಜರನ್ನು ಮತ್ತೆ ಕೈಯಿಂದ ಎಳೆದು ಬಿಡಿ. ಉಂಗುರ ನೇರ ಇಳಿದು ಚಟಕ್ಕನೆ ಮೇಲೆ ಬಂದರೆ ಪ್ಲಗ್ ಹಾಕಬಹುದು.